ಅರ್ಧಕ್ಕೇ ನಿಲ್ಲುವ ಡ್ರೈಯರ್

ಬಟ್ಟೆ ಒಣಗಿಸುವ ಯಂತ್ರ ಕೆಡುವುದರಲ್ಲಿ ಎರಡು ಬಗೆಗಳಿವೆ. ಗುಂಡಿ ಒತ್ತಿದರೂ ಅಲುಗಾಡದೆ ಕೂತುಬಿಡುವುದು ಒಂದು ಬಗೆ. ಚೆನ್ನಾಗಿಯೇ ಶುರುವಾಗಿ, ಇಪ್ಪತ್ತು ಮೂವತ್ತು ನಿಮಿಷ ತಿರುಗಿ, ಬಟ್ಟೆ ಇನ್ನೂ ಹಸಿಯಾಗಿರುವಾಗಲೇ ನಿಂತುಹೋಗುವುದು ಇನ್ನೊಂದು. ಮೊದಲನೆಯದಾದರೆ ಮೆಕ್ಯಾನಿಕ್‌ನ ಕೆಲಸ ಸುಲಭ, ಏಕೆಂದರೆ ಅವನು ಬಂದಾಗಲೂ ಯಂತ್ರ ಕೆಟ್ಟೇ ಇರುತ್ತದೆ. ಎರಡನೆಯದು ಹಾಗಲ್ಲ. ಅವನು ಬರುವ ಹೊತ್ತಿಗೆ ಅದು ತಣ್ಣಗಾಗಿ, ಏನೂ ಆಗಿಲ್ಲವೆಂಬಂತೆ ಗಿರಗಿರನೆ ತಿರುಗುತ್ತದೆ. ಅವನು "ಚೆನ್ನಾಗೇ ಇದೆಯಲ್ಲಮ್ಮ" ಎಂದು ವಿಸಿಟಿಂಗ್ ಚಾರ್ಜು ಪಡೆದು ಹೊರಡುತ್ತಾನೆ. ಅವನ ಬೈಕು ಬೀದಿಯ ತಿರುವು ದಾಟಿದ ಸ್ವಲ್ಪ ಹೊತ್ತಿಗೆ ಅದು ಮತ್ತೆ ನಿಲ್ಲುತ್ತದೆ. ಹೀಗಾಗಿ ಈ ಎರಡನೆಯ ಬಗೆಯ ದೋಷವನ್ನು ಮನೆಯಲ್ಲಿ ಇರುವವರೇ ನೋಡಿ ತಿಳಿದುಕೊಳ್ಳಬೇಕಾಗುತ್ತದೆ. ರಿಪೇರಿ ಮಾಡುವವನಿಗಿಂತ ಯಂತ್ರದ ಜೊತೆ ಇಡೀ ದಿನ ಕಳೆಯುವವರಿಗೇ ಇದರಲ್ಲಿ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೈಸೂರಿನಂಥ ಊರಿನಲ್ಲಿ ಡ್ರೈಯರ್ ಏಕೆ ಬೇಕೆಂದು ಕೇಳುವವರು ಇದ್ದಾರೆ. ವರ್ಷದ ಬಹುಪಾಲು ಅದು ಬೇಡವೇ ಬೇಡ; ತಾರಸಿಯ ಮೇಲೆ ಹರವಿದ ಬಟ್ಟೆ ಎರಡು ಗಂಟೆಯಲ್ಲಿ ಗರಿಗರಿಯಾಗುತ್ತದೆ. ಆಷಾಢ ಶ್ರಾವಣಗಳಲ್ಲಿ ಮಾತ್ರ ಕೊಡಗಿನ ಕಡೆಯಿಂದ ಬೀಸುವ ಗಾಳಿಯ ಜೊತೆ ಜಿಟಿಜಿಟಿ ಮಳೆ ಹಿಡಿದರೆ, ಕುವೆಂಪುನಗರದ ನಮ್ಮ ಮನೆಯ ಯುಟಿಲಿಟಿಯಲ್ಲಿ ಕಟ್ಟಿದ ಹಗ್ಗದ ಮೇಲೆ ಟವೆಲುಗಳು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತವೆ. ಕಳೆದ ಆಷಾಢದಲ್ಲಿ ಮಗಳು ಬಾಣಂತಿಯಾಗಿ ಮನೆಯಲ್ಲಿದ್ದಳು. ಕೂಸಿನ ಲಂಗೋಟಿ, ಅಂಗಿ, ಸುತ್ತುವ ಮೆತ್ತನೆಯ ಪಂಚೆಯ ತುಂಡುಗಳು ದಿನವೂ ರಾಶಿ ಬೀಳುತ್ತಿದ್ದವು. ಹಿಂದೆ ನಮ್ಮತ್ತೆಯವರು ಇಂಥ ದಿನಗಳಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಸಾಂಬ್ರಾಣಿ ಹೊಗೆಯಲ್ಲಿ ಕೂಸಿನ ಬಟ್ಟೆ ಒಣಗಿಸುತ್ತಿದ್ದರು. ನಮ್ಮಲ್ಲಿ ಈಗ ಕೆಂಡವೂ ಇಲ್ಲ, ಬುಟ್ಟಿಯೂ ಇಲ್ಲ. ಇರುವುದು ಬಿಸಿ ಗಾಳಿಯನ್ನು ಪೈಪಿನ ಮೂಲಕ ಕಿಟಕಿಯಾಚೆ ಬಿಡುವ ಹಳೆಯ ಮಾದರಿಯ, 2000 ವ್ಯಾಟ್ ಕಾಯಿಲ್ಲಿನ ಡ್ರೈಯರ್. ಅದು ಆ ದಿನಗಳಲ್ಲೇ ನಡುವೆ ನಿಲ್ಲಲು ಶುರುಮಾಡಿತು.

ಕಾರಣ ಹುಡುಕುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಡ್ರೈಯರ್ ತನ್ನ ಪೂರ್ತಿ ಸುತ್ತು ಮುಗಿಸುವಾಗ ಕೊನೆಯ ಕೆಲವು ನಿಮಿಷ ಕಾಯಿಲನ್ನು ಆರಿಸಿ, ಬರೀ ಗಾಳಿಯಲ್ಲಿ ಬಟ್ಟೆಯನ್ನು ತಿರುಗಿಸಿ ತಣ್ಣಗೆ ಮಾಡುತ್ತದೆ. ನಡುವೆ ನಿಂತರೆ ಈ ಕೊನೆಯ ಹಂತ ಆಗುವುದೇ ಇಲ್ಲ. ಕಾದ ಬಟ್ಟೆ ಮುಚ್ಚಿದ ಡ್ರಮ್ಮಿನೊಳಗೆ ಗುಡ್ಡೆಯಾಗಿ ಬಿದ್ದಿರುತ್ತದೆ, ಶಾಖ ಹೊರಹೋಗಲು ದಾರಿಯಿರುವುದಿಲ್ಲ. ಆದ್ದರಿಂದ ಯಂತ್ರ ನಿಂತದ್ದು ಕಂಡ ಕೂಡಲೇ ಸ್ವಿಚ್ ಆರಿಸಿ, ಬಾಗಿಲು ತೆಗೆದು, ಬಟ್ಟೆಯನ್ನೆಲ್ಲ ಹೊರಗೆಳೆದು ಹರವಬೇಕು. ಯಂತ್ರದ ಕೈಪಿಡಿಗಳಲ್ಲಿ ಈ ಸೂಚನೆ ಇದ್ದೇ ಇರುತ್ತದೆ. ಎಣ್ಣೆ ಹತ್ತಿದ ಬಟ್ಟೆಯನ್ನು ಡ್ರೈಯರ್‌ಗೆ ಹಾಕಬಾರದೆಂಬ ಎಚ್ಚರಿಕೆಯೂ ಅದರ ಪಕ್ಕದಲ್ಲೇ ಇರುತ್ತದೆ. ಏಕೆಂದರೆ ಒಗೆದರೂ ಪೂರ್ತಿ ಹೋಗದ ಎಣ್ಣೆ ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ತಾನಾಗಿಯೇ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಹಾಕುವ ಮನೆಯಲ್ಲಿ ಇದು ದೊಡ್ಡ ವಿಷಯ. ಎಣ್ಣೆ ಒರೆಸಿದ ಟವೆಲುಗಳನ್ನು ಬೇರೆಯೇ ಇಟ್ಟು, ಎಷ್ಟು ದಿನವಾದರೂ ಸರಿಯೆಂದು ಹಗ್ಗದ ಮೇಲೆಯೇ ಒಣಗಿಸಿದೆವು.

ಬಟ್ಟೆ ತೆಗೆದ ಮೇಲೆ, ಯಂತ್ರ ಹೇಗೆ ನಿಂತಿತು ಎಂಬುದನ್ನು ನೋಡಬೇಕು. ಮುಂದಿನ ಫಲಕದಲ್ಲಿ ದೀಪ ಉರಿಯುತ್ತಿದೆಯೇ ಇಲ್ಲವೇ ಎಂಬುದು ಮೊದಲ ಪ್ರಶ್ನೆ. ದೀಪವೂ ಆರಿದ್ದರೆ ದೋಷ ಯಂತ್ರದ ಒಳಗಿಗಿಂತ ಹೊರಗಿರುವ ಸಾಧ್ಯತೆಯೇ ಹೆಚ್ಚು. ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣವುಂಟು, ಅದೇ ಯುಪಿಎಸ್. ದೀಪ, ಫ್ಯಾನು, ಟಿವಿಗಳಷ್ಟೇ ಯುಪಿಎಸ್‌ಗೆ ಸೇರಿರುತ್ತವೆ. ದಪ್ಪ ಪಿನ್ನಿನ ಪವರ್ ಪಾಯಿಂಟುಗಳು ಸೇರಿರುವುದಿಲ್ಲ. ಒಂದು ಗಳಿಗೆ ಕರೆಂಟು ಹೋಗಿ ಬಂದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಡ್ರೈಯರ್‌ಗೆ ಮಾತ್ರ ಗೊತ್ತಾಗುತ್ತದೆ. "ರೀ, ಕರೆಂಟ್ ಹೋಗಿತ್ತಾ?" ಎಂದು ನಾನು ಒಳಗಿನಿಂದ ಕೂಗಿದರೆ, "ಎಲ್ಲಿ ಹೋಗಿತ್ತು, ಫ್ಯಾನ್ ತಿರುಗ್ತಾನೇ ಇದೆಯಲ್ಲ" ಎಂಬ ಉತ್ತರ ಪೇಪರಿನ ಹಿಂದಿನಿಂದ ಬರುತ್ತಿತ್ತು. ಹಳೆಯ ಕಾಲದ, ಕೈಯಲ್ಲಿ ತಿರುಗಿಸುವ ಟೈಮರಿನ ಯಂತ್ರಗಳು ಕರೆಂಟು ಮರಳಿದಾಗ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತವೆ. ಎಲೆಕ್ಟ್ರಾನಿಕ್ ಗುಂಡಿಗಳ ಯಂತ್ರಗಳಲ್ಲಿ ಕೆಲವು ಮುಂದುವರಿಯುತ್ತವೆ, ಕೆಲವು ಎಲ್ಲವನ್ನೂ ಮರೆತು ಸುಮ್ಮನೆ ನಿಲ್ಲುತ್ತವೆ. ನಿಮ್ಮದು ಯಾವ ಜಾತಿಯದೆಂದು ತಿಳಿಯಲು, ಯಂತ್ರ ಬಿಸಿಯಾಗುವ ಮೊದಲೇ, ಶುರುವಾದ ಒಂದೆರಡು ನಿಮಿಷದಲ್ಲಿ ಗೋಡೆಯ ಸ್ವಿಚ್ಚನ್ನು ಆರಿಸಿ ಹಾಕಿ ನೋಡಿದರೆ ಸಾಕು.

ಕರೆಂಟು ಹೋಗಿರಲಿಲ್ಲ, ಆದರೂ ಫಲಕ ಕತ್ತಲಾಗಿದೆ ಎಂದಾದರೆ ಗೋಡೆಯ ಸಾಕೆಟ್ಟನ್ನು ನೋಡಬೇಕು. 2000 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ, ಅದೂ ಮಿಕ್ಸಿಯ ಹಾಗೆ ಒಂದೆರಡು ನಿಮಿಷವಲ್ಲ, ಗಂಟೆಗಟ್ಟಲೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಸ್ವಲ್ಪ ಸಡಿಲವಾಗಿದ್ದರೂ ಅಲ್ಲಿ ಶಾಖ ಹುಟ್ಟಿ, ಶಾಖದಿಂದ ಹಿಡಿ ಇನ್ನಷ್ಟು ಸಡಿಲವಾಗಿ, ಕೊನೆಗೆ ಸಂಪರ್ಕ ಬಿಟ್ಟುಹೋಗುತ್ತದೆ. ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಯಂತ್ರ ನಿಂತ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗದ ಮೇಲೆ ಕೈಯಿಟ್ಟು ನೋಡಿ: ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾರದಷ್ಟು ಸುಡುತ್ತಿದ್ದರೆ ಪ್ಲಗ್ಗನ್ನೂ ಸಾಕೆಟ್ಟನ್ನೂ ಎರಡನ್ನೂ ಬದಲಾಯಿಸಬೇಕು. ನಮ್ಮ ಸಾಕೆಟ್ಟಿನ ಒಂದು ತೂತಿನ ಸುತ್ತ ಕಾಫಿ ಚೆಲ್ಲಿದ ಕಲೆಯಂಥ ಕಂದು ಉಂಗುರ ಎದ್ದಿತ್ತು. ಮೂಗು ಹತ್ತಿರ ತಂದರೆ ಸುಟ್ಟ ಪ್ಲಾಸ್ಟಿಕ್ಕಿನ ಕಮಟು. ಅದನ್ನು ಬದಲಾಯಿಸಿದ್ದರಿಂದ ಒಂದು ಅಪಾಯ ತಪ್ಪಿತು, ಯಂತ್ರ ನಿಲ್ಲುವುದೇನೂ ತಪ್ಪಲಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ಡ್ರೈಯರ್ ಓಡಿಸುವವರಿಗೆ ನಾನು ಹೇಳುವುದು ಇಷ್ಟೇ: ಬೇಡ. ಪವರ್ ಪಾಯಿಂಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಯುವ ರೂಢಿ ಸುಮ್ಮನೆ ಬಂದದ್ದಲ್ಲ. ಬಾಕ್ಸಿನ ವೈರು ಸಾಮಾನ್ಯವಾಗಿ ಅದಕ್ಕಿಂತ ತೀರ ಸಣ್ಣದಿರುತ್ತದೆ.

ಮೀಟರ್ ಬೋರ್ಡಿನಲ್ಲಿ ಯಾವುದಾದರೂ ಬ್ರೇಕರ್ ಕೆಳಗೆ ಬಿದ್ದಿದ್ದರೆ ಯಾವುದು ಬಿದ್ದಿದೆ ಎಂಬುದನ್ನು ಗಮನಿಸಿ. ಎಂಸಿಬಿ ಬಿದ್ದರೆ ಆ ಸಾಲಿನಲ್ಲಿ ಕರೆಂಟು ಮಿತಿ ಮೀರಿ ಹರಿದಿದೆ ಎಂದರ್ಥ. ಅದೇ ಸಾಲಿನಲ್ಲಿ ಗೀಸರೋ ಇಸ್ತ್ರಿ ಪೆಟ್ಟಿಗೆಯೋ ಸೇರಿಕೊಂಡಿದೆಯೇ ನೋಡಬೇಕು. ಆರ್‌ಸಿಸಿಬಿ ಬಿದ್ದರೆ ಕರೆಂಟು ಎಲ್ಲೋ ಅರ್ಥಿಂಗ್‌ಗೆ ಸೋರುತ್ತಿದೆ ಎಂದರ್ಥ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಬೀಳುತ್ತದೆ. ತೇವ ಹಿಡಿದ ಅಥವಾ ಬಿರುಕು ಬಿಟ್ಟ ಕಾಯಿಲ್ ಇದಕ್ಕೆ ಸಾಮಾನ್ಯ ಕಾರಣ, ಅದನ್ನು ಮನೆಯಲ್ಲಿ ಸರಿಪಡಿಸಲು ಹೋಗಬಾರದು.

ಇನ್ನು ಫಲಕದ ದೀಪ ಉರಿಯುತ್ತಲೇ ಇದ್ದು ಡ್ರಮ್ಮು ಮಾತ್ರ ನಿಂತ ಸಂದರ್ಭ. ಹೊಸದಾಗಿ ಕೊಂಡವರು ಒಂದನ್ನು ತಿಳಿದಿರಬೇಕು: ಹಲವು ಮಾದರಿಗಳಲ್ಲಿ ಬಟ್ಟೆ ಸುತ್ತಿಕೊಳ್ಳದಿರಲೆಂದು ಡ್ರಮ್ಮು ಆಗಾಗ ಕೆಲವು ಕ್ಷಣ ನಿಂತು ಎದುರು ದಿಕ್ಕಿಗೆ ತಿರುಗುತ್ತದೆ. ಅದು ದೋಷವಲ್ಲ. ಹಾಗೆ ಉಲ್ಟಾ ತಿರುಗಿದರೂ ನಾಲ್ಕು ಮೊಳದ ಪಂಚೆ ಉಳಿದ ಬಟ್ಟೆಗಳನ್ನೆಲ್ಲ ಒಳಗೆ ಸುತ್ತಿಕೊಂಡು ಒಂದೇ ಉಂಡೆಯಾಗುವುದನ್ನು ತಪ್ಪಿಸಲು ಯಾವ ಯಂತ್ರಕ್ಕೂ ಸಾಧ್ಯವಾದಂತಿಲ್ಲ. ಹೊರಗೆ ಕಾದು, ಒಳಗೆ ಹಸಿಯಾಗಿರುವ ಆ ಉಂಡೆ ಪ್ರತಿ ಸುತ್ತಿಗೂ ದೊಪ್ಪನೆ ಬಿದ್ದು ಇಡೀ ಯಂತ್ರವನ್ನು ಅಲುಗಿಸುತ್ತದೆ. ಬಾಗಿಲಿನ ಕೊಕ್ಕೆ ಸವೆದಿದ್ದರೆ ಆ ಅದುರಿಗೆ ಬಾಗಿಲಿನ ಸ್ವಿಚ್ಚು ಕ್ಷಣಕಾಲ ಬಿಟ್ಟುಕೊಳ್ಳುತ್ತದೆ, ಬಾಗಿಲು ತೆರೆಯಿತೆಂದು ಭಾವಿಸಿ ಯಂತ್ರ ನಿಲ್ಲುತ್ತದೆ. ಪರೀಕ್ಷೆ ಸುಲಭ: ಬಾಗಿಲು ಮುಚ್ಚುವಾಗ ಟಿಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಬೇಕು, ತಿರುಗುತ್ತಿರುವಾಗ ಅಂಗೈಯಿಂದ ಬಾಗಿಲನ್ನು ಮೆಲ್ಲನೆ ಅದುಮಿ ಹಿಡಿದರೆ ನಿಲ್ಲುವುದು ತಪ್ಪುತ್ತದೆಯೇ ನೋಡಬೇಕು. ಒಮ್ಮೆ ನಮ್ಮ ಯಂತ್ರದಲ್ಲಿ ಒಳಲಂಗದ ಲಾಡಿಯ ತುದಿ ಡ್ರಮ್ಮಿಗೂ ಮುಂದಿನ ಅಂಚಿಗೂ ನಡುವಿನ ಸಂದಿಗೆ ನುಗ್ಗಿ, ಡ್ರಮ್ಮಿಗೆ ಬ್ರೇಕು ಹಾಕಿದಂತಾಗಿ ನಿಂತಿತ್ತು. ಅಂಚಿನ ಮೆತ್ತನೆಯ ಪಟ್ಟಿಯಲ್ಲಿ ಲಾಡಿಯ ಗಂಟು ಕಪ್ಪಗೆ ಉಜ್ಜಿಹೋಗಿತ್ತು. ಅಂದಿನಿಂದ ಲಾಡಿಯಿರುವ ಬಟ್ಟೆಯನ್ನೆಲ್ಲ ಗಂಟು ಹಾಕಿ, ಒಂದು ದಿಂಬಿನ ಗೌಸಿನೊಳಗೆ ತುಂಬಿಯೇ ಹಾಕುವುದು.

ನಮ್ಮ ಯಂತ್ರದ ನಿಜವಾದ ಕಾಯಿಲೆ ಇದ್ಯಾವುದೂ ಆಗಿರಲಿಲ್ಲ. ದೀಪ ಉರಿಯುತ್ತಿತ್ತು, ಬಾಗಿಲು ಭದ್ರವಾಗಿತ್ತು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗುತ್ತಿತ್ತು. ಗುಂಡಿ ಒತ್ತಿದರೆ ಮಾತ್ರ ಉತ್ತರವಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟು ಒತ್ತಿದರೆ ಮತ್ತೆ ತಿರುಗುತ್ತಿತ್ತು. ಕಂಪನಿಯ ಕಡೆಯಿಂದ ಬಂದ ಹುಡುಗ ಹಿಂಬದಿಯನ್ನು ಬಿಚ್ಚದೆಯೇ, "ಬೋರ್ಡ್ ಹೋಗಿದೆ ಮೇಡಂ, ಹೊಸದು ಹಾಕಬೇಕಾಗತ್ತೆ" ಎಂದ. ನಾನು ಒಪ್ಪಲಿಲ್ಲ. ಗುಂಡಿಗಳ ಹಿಂದಿನ ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟರೆ ಅದು ಹೀಗೆ ಗಡಿಯಾರ ನೋಡಿಕೊಂಡು ಸರಿಯಾಗುವುದು ಅಪರೂಪ. ಬಿಸಿಯಾದಾಗ ನಿಂತು, ತಣ್ಣಗಾದಾಗ ಹೊರಡುವುದು ಮೋಟಾರಿನೊಳಗಿನ ಓವರ್‌ಲೋಡ್ ರಕ್ಷಕದ ಗುಣ. ಅದು ಎರಡು ಬಗೆಯ ಲೋಹಗಳನ್ನು ಬೆಸೆದ ಒಂದು ಪುಟ್ಟ ಪಟ್ಟಿ. ಮೋಟಾರಿನ ಸುರುಳಿಯ ತಂತಿ ಮಿತಿ ಮೀರಿ ಕಾದಾಗ ಎರಡು ಲೋಹಗಳೂ ಒಂದೇ ಸಮನೆ ಹಿಗ್ಗದೆ ಪಟ್ಟಿ ಬಾಗಿ ಸಂಪರ್ಕವನ್ನು ಕಡಿಯುತ್ತದೆ, ಆರಿದ ಮೇಲೆ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಅದು ಕೆಟ್ಟಿರಲಿಲ್ಲ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕೇಳಬೇಕಾದ ಪ್ರಶ್ನೆ, ಮೋಟಾರು ಅಷ್ಟು ಕಾಯುತ್ತಿರುವುದು ಏಕೆ ಎಂಬುದು.

ಗಮನಿಸುತ್ತ ಹೋದಾಗ, ಬೆಳಗ್ಗೆ ಹಾಕಿದರೆ ನಿಲ್ಲುವ ಯಂತ್ರ ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿದರೆ ಬಹುಮಟ್ಟಿಗೆ ಪೂರ್ತಿ ಓಡುತ್ತದೆ ಎಂಬುದು ಕಂಡಿತು. ಬಟ್ಟೆ ಅದೇ, ಯಂತ್ರ ಅದೇ. ಬದಲಾಗಿದ್ದು ಹೊತ್ತು ಮಾತ್ರ. ಶಿವರಾಂಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ, ವೋಲ್ಟೇಜನ್ನು ಅಂಕಿಯಲ್ಲಿ ತೋರಿಸುವ ಒಂದು ಸಣ್ಣ ಮೀಟರು ತಂದೆವು. ಡ್ರೈಯರ್ ಓಡುತ್ತಿರುವಾಗ ಅದನ್ನು ಒಮ್ಮೆ ಡ್ರೈಯರಿನ ಪಕ್ಕದ ಸಾಕೆಟ್ಟಿಗೂ ಒಮ್ಮೆ ಅಡುಗೆಮನೆಯ ಸಾಕೆಟ್ಟಿಗೂ ಹಾಕಿ ನೋಡಬೇಕು. ಡ್ರೈಯರಿನ ಬಳಿ ಮಾತ್ರ ಇಳಿದಿದ್ದರೆ ದೋಷ ಮನೆಯ ಆ ಸಾಲಿನ ವೈರಿಂಗಿನಲ್ಲಿದೆ; ಎರಡೂ ಕಡೆ ಇಳಿದಿದ್ದರೆ ಹೊರಗಿನಿಂದ ಬರುವುದೇ ಕಡಿಮೆ, ಇಲ್ಲವೇ ಮನೆಗೆ ಬರುವ ಮುಖ್ಯ ತಂತಿಯ ಕೂಡುಗೆ ಸಡಿಲ. ನಮ್ಮಲ್ಲಿ ಬೆಳಗಿನ ಏಳರ ಹೊತ್ತಿಗೆ ಎರಡು ಕಡೆಯೂ 180ರ ಆಸುಪಾಸು, ಮಧ್ಯಾಹ್ನ 215ರ ಮೇಲೆ. ಯಂತ್ರ ಆರಿಸಿದಾಗಲೂ ಬೆಳಗಿನ ಅಂಕಿ ಹೆಚ್ಚೇನೂ ಏರುತ್ತಿರಲಿಲ್ಲ, ಅಂದರೆ ಹೊರಗಿನಿಂದ ಬರುವುದೇ ಕಡಿಮೆ.

ಬೆಳಗ್ಗೆಯೇ ಏಕೆ ಎಂಬುದಕ್ಕೆ ಉತ್ತರ ನಮ್ಮ ಬೀದಿಯ ತಾರಸಿಗಳ ಮೇಲಿತ್ತು. ಮೈಸೂರಿನ ಬಡಾವಣೆಗಳಲ್ಲಿ ಮನೆಮನೆಯ ಮೇಲೂ ಸೋಲಾರ್ ನೀರಿನ ತೊಟ್ಟಿ ಇದೆ, ಅವುಗಳಲ್ಲಿ ಹಲವಕ್ಕೆ ಮೋಡದ ದಿನಕ್ಕೆಂದು ಕರೆಂಟಿನ ಕಾಯಿಲ್ಲೂ ಇದೆ. ಬಿಸಿಲಿಲ್ಲದ ವಾರದಲ್ಲಿ ಎಲ್ಲರ ಮನೆಯಲ್ಲೂ ಸ್ನಾನದ ಹೊತ್ತಿಗೆ ಆ ಕಾಯಿಲ್ಲುಗಳು ಒಟ್ಟಿಗೆ ಉರಿಯುತ್ತವೆ, ಅವುಗಳಿಲ್ಲದವರ ಗೀಸರುಗಳೂ ಜೊತೆಗೆ ಸೇರುತ್ತವೆ. ಡ್ರೈಯರ್ ಬೇಕೆನಿಸುವ ಹವೆಯೂ ವೋಲ್ಟೇಜು ಬೀಳುವ ಹವೆಯೂ ಒಂದೇ ಆಗಿಬಿಟ್ಟಿದೆ.

ವೋಲ್ಟೇಜು ಬಿದ್ದರೆ ಡ್ರೈಯರಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಕಾಯಿಲ್ಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 230 ವೋಲ್ಟಿಗೆ 2000 ವ್ಯಾಟ್ ಕೊಡುವ ಕಾಯಿಲ್ 180 ವೋಲ್ಟಿಗೆ 1225 ವ್ಯಾಟಿನಷ್ಟೇ ಕೊಡುತ್ತದೆ. ಒಂದು ಲೀಟರು ನೀರನ್ನು ಕಾಯಿಲ್ಲಿನ ಶಾಖದಿಂದ ಆವಿಯಾಗಿಸಲು ಒಂದು ಯೂನಿಟ್ಟಿನ ಮೂರನೇ ಎರಡು ಪಾಲಿನಷ್ಟು ವಿದ್ಯುತ್ತು ಹೇಗೂ ಬೇಕು, ನಮ್ಮದರಂಥ ಯಂತ್ರದಲ್ಲಿ ಯಾವ ಕಂಪನಿಯ ಜಾಣತನವೂ ನಡೆಯುವುದಿಲ್ಲ. ಹಿಂಡಿದ ಬಟ್ಟೆಯಲ್ಲಿ ಇನ್ನೂ ಎರಡು ಲೀಟರು ನೀರಿದೆ ಎಂದುಕೊಂಡರೆ, ಶಾಖ ಸ್ವಲ್ಪವೂ ಪೋಲಾಗದಿದ್ದರೂ, ಸರಿಯಾದ ವೋಲ್ಟೇಜಿನಲ್ಲಿ ನಲವತ್ತು ನಿಮಿಷದ ಕೆಲಸ ಬಿದ್ದ ವೋಲ್ಟೇಜಿನಲ್ಲಿ ಅರವತ್ತೈದು ನಿಮಿಷ ಹಿಡಿಯುತ್ತದೆ. ಅಂದರೆ ಮೋಟಾರು ಅಷ್ಟು ಹೆಚ್ಚು ಹೊತ್ತು ತಿರುಗಬೇಕು. ಮೋಟಾರಿನ ಸ್ವಭಾವವೋ ಕಾಯಿಲ್ಲಿಗೆ ತದ್ವಿರುದ್ಧ: ವೋಲ್ಟೇಜು ಇಳಿದರೂ ಎತ್ತಿ ಹಾಕಬೇಕಾದ ಒದ್ದೆ ಬಟ್ಟೆಯ ಭಾರ ಇಳಿಯುವುದಿಲ್ಲವಾದ್ದರಿಂದ ಅದು ಹೆಚ್ಚು ಕರೆಂಟು ಎಳೆದುಕೊಂಡು, ಸುರುಳಿಯಲ್ಲಿ ಹೆಚ್ಚು ಕಾಯುತ್ತದೆ. ಹೆಚ್ಚು ಹೊತ್ತು, ಹೆಚ್ಚು ಬಿಸಿ. ಒಳಗಿನ ಪಟ್ಟಿ ಬಾಗದೆ ಇನ್ನೇನು ಮಾಡೀತು?

ಆದರೂ ಇಷ್ಟರಿಂದಲೇ ನಿಲ್ಲಬೇಕಾಗಿರಲಿಲ್ಲ, ಹಿಂದಿನ ವರ್ಷವೂ ಬೆಳಗಿನ ವೋಲ್ಟೇಜು ಹೆಚ್ಚೇನೂ ಚೆನ್ನಾಗಿರಲಿಲ್ಲ. ಹಾಗಾಗಿ ಗಾಳಿಯ ದಾರಿಯನ್ನು ನೋಡಿದೆವು. ಬಟ್ಟೆಯಿಂದ ಉದುರುವ ನಾರನ್ನು ಹಿಡಿಯುವ ಜಾಲರಿಯನ್ನು ಪ್ರತಿ ಸಲವೂ ಶುಚಿ ಮಾಡುವ ಅಭ್ಯಾಸ ಮನೆಯಲ್ಲಿ ಇದ್ದೇ ಇದೆ. ತೊಂದರೆ ಜಾಲರಿಯ ಆಚೆ ಇತ್ತು. ನೆಲ ಒರೆಸುವಾಗ ಯಾರೋ ಯಂತ್ರವನ್ನು ಗೋಡೆಗೆ ಒತ್ತರಿಸಿದ್ದರಿಂದ ಹಿಂದಿನ ಅಲ್ಯೂಮಿನಿಯಂ ಹಾಳೆಯ ಪೈಪು ಅಪ್ಪಚ್ಚಿಯಾಗಿತ್ತು. ಅಲ್ಲಿಂದ ಕಿಟಕಿಗೆ ಏರುವ ಮುನ್ನ ಅದು ಜೋತುಬಿದ್ದು ಒಂದು ಗುಂಡಿಯಂತಾಗಿತ್ತು. ಹೊರಗಿನ ಚಳಿಗಾಳಿ ತಾಗುವ ಪೈಪಿನಲ್ಲಿ ಬಿಸಿ ಹಬೆ ತಣಿದು ನೀರಾಗುತ್ತದೆ, ಆ ನೀರು ಗುಂಡಿಗೆ ಇಳಿಯುತ್ತದೆ, ಜಾಲರಿಯಿಂದ ತಪ್ಪಿಸಿಕೊಂಡ ನಾರು ಅದರಲ್ಲಿ ನೆನೆದು ಗಟ್ಟಿಯಾಗುತ್ತದೆ. ಪೈಪು ಕಳಚಿ ಯುಟಿಲಿಟಿಯ ಮೋರಿಯ ಬಳಿ ಬಗ್ಗಿಸಿದಾಗ ಒಂದು ಬೊಗಸೆ ಕೊಳಕು ನೀರು, ಅದರ ಹಿಂದೆ ಬೂದಿ ಬಣ್ಣದ ಒದ್ದೆ ನಾರಿನ ಗಡ್ಡೆ. ಮುರಿದು ನೋಡಿದರೆ ಒಳಗೆ ಪದರಪದರವಾಗಿ ಯಾವ್ಯಾವ ಕಾಲದಲ್ಲಿ ಯಾವ ಬಣ್ಣದ ಬಟ್ಟೆ ಒಣಗಿಸಿದೆವೆಂಬುದು ಕಾಣುತ್ತಿತ್ತು, ನಡುವಿನ ಕೆಂಪು ಪದರ ಗೌರಿಹಬ್ಬಕ್ಕೆ ತಂದ ಹೊಸ ಟವೆಲಿನದೇ ಇರಬೇಕು. ಗಾಳಿ ಹೊರಹೋಗದಿದ್ದರೆ ತೇವವೂ ಶಾಖವೂ ಯಂತ್ರದೊಳಗೇ ಸುತ್ತುತ್ತವೆ, ಆಗಲೇ ಬಳಲಿರುವ ಮೋಟಾರು ಬಿಸಿಯ ಗೂಡಿನಲ್ಲಿ ಕೆಲಸ ಮಾಡಬೇಕಾಗುತ್ತದೆ. ಪ್ಲಗ್ಗು ಕಿತ್ತು ಹಿಂದಿನ ತಗಡನ್ನು ಬಿಚ್ಚಿಸಿದಾಗ ಮೋಟಾರಿನ ಮೈಮೇಲೂ ಅದೇ ನಾರು ಹೊದಿಕೆಯಾಗಿ ಕೂತಿತ್ತು. ಅದನ್ನು ಬ್ರಷ್ಷಿನಿಂದ ಕೆದಕಿ, ಧೂಳೆಳೆಯುವ ಯಂತ್ರದಿಂದ ಎಳೆಸಿದೆವು.

ತಗಡನ್ನು ಬಿಚ್ಚಲು ಬಂದವನು ನಮ್ಮ ಬೀದಿಗೆಲ್ಲ ಕೆಲಸ ಮಾಡುವ ಎಲೆಕ್ಟ್ರಿಷಿಯನ್. ಕೈ ಚುರುಕು, ಮನಸ್ಸೂ ಒಳ್ಳೆಯದು. ಅವನು ಕಾಯಿಲ್ಲಿನ ಗೂಡಿಗೆ ಅಂಟಿಕೊಂಡಿದ್ದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಎರಡು ವೈರಿನ ಒಂದು ಬಿಲ್ಲೆಯನ್ನು ತೋರಿಸಿ, "ಈ ಕಟಾಫೇ ಮೇಡಂ ತೊಂದರೆ ಕೊಡೋದು. ತೆಗೆದು ಡೈರೆಕ್ಟ್ ಕೊಟ್ಟುಬಿಡ್ತೀನಿ, ಇನ್ಮೇಲೆ ನಿಲ್ಲೋದೇ ಇಲ್ಲ" ಎಂದ.

"ನಿಲ್ಲೋದೇ ಇಲ್ಲ ಅಂತಲೇ ನನಗೆ ಭಯ ಕಣಪ್ಪ. ಅದನ್ನ ಮುಟ್ಟಬೇಡ" ಎಂದೆ.

ಈ ಡೈರೆಕ್ಟ್ ಕೊಡುವ ಚಾಳಿಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಕಾಯಿಲ್ಲಿನ ಬಳಿ ಸಾಮಾನ್ಯವಾಗಿ ಎರಡು ಕಾವಲುಗಳಿರುತ್ತವೆ. ಬಿಸಿ ಹೆಚ್ಚಾದಾಗ ಕಾಯಿಲನ್ನು ಆರಿಸಿ, ಇಳಿದಾಗ ಹಚ್ಚುವ ಥರ್ಮೋಸ್ಟಾಟ್ ಒಂದು. ಆ ಥರ್ಮೋಸ್ಟಾಟೇ ಕೈಕೊಟ್ಟಾಗ ಅಥವಾ ಗಾಳಿಯೇ ನಿಂತಾಗ ಕೊನೆಯ ಉಪಾಯವಾಗಿ ಸಂಪರ್ಕ ಕಡಿಯುವ ಕಟಾಫ್ ಇನ್ನೊಂದು. ಈ ಎರಡನೆಯದು ಕೆಲವು ಯಂತ್ರಗಳಲ್ಲಿ ಒಮ್ಮೆ ಸುಟ್ಟರೆ ಮುಗಿಯಿತು, ಹೊಸದನ್ನೇ ಹಾಕಬೇಕು. ಕೆಲವುದರಲ್ಲಿ ಕೈಯಿಂದ ಒತ್ತಿ ಕೂಡಿಸುವ ಸಣ್ಣ ಗುಂಡಿ ಇರುತ್ತದೆ. ಅದು ಸುಟ್ಟಿದೆ ಎಂದರೆ ಗಾಳಿಯ ದಾರಿ ಕಟ್ಟಿದೆಯೆಂದೋ ಥರ್ಮೋಸ್ಟಾಟ್ ಅಂಟಿಕೊಂಡಿದೆಯೆಂದೋ ಅರ್ಥ. ಆ ಕಾರಣವನ್ನು ಹುಡುಕದೆ ಹೊಸ ಕಟಾಫ್ ಹಾಕಿದರೆ ಅದೂ ಸುಡುತ್ತದೆ, ಕಟಾಫನ್ನೇ ತೆಗೆದುಹಾಕಿದರೆ ಸುಡುವುದಕ್ಕೆ ಬಟ್ಟೆ ಮತ್ತು ನಾರು ಮಾತ್ರ ಉಳಿಯುತ್ತವೆ. ಒಣ ನಾರು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂಬುದು ದೀಪದ ಬತ್ತಿ ಹೊಸೆದವರಿಗೆಲ್ಲ ಗೊತ್ತು. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಬಹುಮಹಡಿ ವಸತಿ ಕಟ್ಟಡವೊಂದರಲ್ಲಿ ಎದ್ದು ಹಲವು ಮಹಡಿಗಳಿಗೆ ಹಬ್ಬಿದ ಬೆಂಕಿಗೆ ಮೂಲ ದೋಷವಿದ್ದ ಒಂದು ಡ್ರೈಯರ್ ಎಂದು ಅಲ್ಲಿನ ಅಗ್ನಿಶಾಮಕ ದಳ ಕಂಡುಕೊಂಡಿತು. ಕಾವಲುಗಳೆಲ್ಲ ಇರುವ ಯಂತ್ರಗಳ ಪಾಡೇ ಹೀಗಿರುವಾಗ, ಇರುವುದನ್ನೂ ಕಿತ್ತು ಬಾಣಂತಿ ಮಲಗುವ ಕೋಣೆಯ ಪಕ್ಕದಲ್ಲಿ ಓಡಿಸುವ ಧೈರ್ಯ ನನಗಿಲ್ಲ.

ಉಳಿದ ಕೆಲವು ಕಾರಣಗಳು ನಮ್ಮ ಮನೆಯಲ್ಲಿ ಕಾಣಿಸಿಕೊಳ್ಳದಿದ್ದರೂ ಹೇಳುವಂಥವು. ಗುಂಡಿ ಒತ್ತಿದಾಗ ಗುಂಯ್ ಎಂಬ ಸದ್ದು ಮಾತ್ರ ಬಂದು ಡ್ರಮ್ಮು ಅಲುಗದಿದ್ದರೆ ಮೋಟಾರಿನ ಕೆಪ್ಯಾಸಿಟರ್ ಸೊರಗಿರಬಹುದು. ಸೀಲಿಂಗ್ ಫ್ಯಾನಿನದು ಸೊರಗಿದಾಗ ಆಗುವುದೂ ಇದೇ. ಬದಲಾಯಿಸುವುದು ದೊಡ್ಡ ಖರ್ಚಲ್ಲ, ಆದರೆ ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದಾದ್ದರಿಂದ ತಿಳಿದವರೇ ಮುಟ್ಟಬೇಕು. ಮೋಟಾರಿನ ಸದ್ದು ಎಂದಿನಂತಿದ್ದು ಡ್ರಮ್ಮು ಮಾತ್ರ ನಿಂತಿದ್ದರೆ ಬೆಲ್ಟು ಹರಿದಿದೆ ಅಥವಾ ಜಾರಿದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿ ವೈರು ಕಡಿಯುವುದೂ ಹಲ್ಲಿ ಬೋರ್ಡಿನ ಮೇಲೆ ಸಿಕ್ಕಿಕೊಂಡು ಸತ್ತು ಶಾರ್ಟ್ ಆಗುವುದೂ ಈ ಊರಿನಲ್ಲಿ ಹೊಸದೇನಲ್ಲ. ಕಿಟಕಿಯಾಚೆಯ ಪೈಪಿನ ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಅವು ನೇರವಾಗಿ ಒಳಗೇ ಬರುತ್ತವೆ. ಸಣ್ಣ ಕಣ್ಣಿನ ಜಾಲರಿ ಕಟ್ಟಲು ಹೋಗಬೇಡಿ, ಅದು ವಾರದೊಳಗೆ ನಾರಿನಿಂದ ಕಟ್ಟಿಕೊಳ್ಳುತ್ತದೆ; ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚುವ ರೆಕ್ಕೆಯ ಮುಚ್ಚಳ ವಾಸಿ.

ಪೈಪಿಲ್ಲದ, ನೀರನ್ನು ಒಳಗೇ ಹಿಡಿಯುವ ಕಂಡೆನ್ಸರ್ ಅಥವಾ ಹೀಟ್ ಪಂಪ್ ಮಾದರಿಯಾದರೆ ಮೊದಲು ನೀರಿನ ಡಬ್ಬಿಯನ್ನು ನೋಡಬೇಕು. ಅದು ತುಂಬಿದರೆ ಯಂತ್ರ ನಡುವೆ ನಿಲ್ಲುವುದೇ ಅದರ ನಿಯಮ. ಡಬ್ಬಿ ಖಾಲಿಯಿದ್ದರೂ ತುಂಬಿದೆಯೆಂದು ದೀಪ ಉರಿದರೆ ನೀರೆತ್ತುವ ಸಣ್ಣ ಪಂಪಿನ ಬುಡದಲ್ಲಿ ನಾರು ಸಿಕ್ಕಿಕೊಂಡಿರಬಹುದು.

ಇನ್ನೊಂದು ಬಗೆಯ ನಿಲ್ಲುವಿಕೆಯಲ್ಲಿ ಯಂತ್ರ ನಿಂತಿದ್ದೇ ಅಲ್ಲ, ಕೆಲಸ ಮುಗಿಯಿತೆಂದು ತಿಳಿದಿರುತ್ತದೆ. ತಾನಾಗಿಯೇ ತೇವ ನೋಡಿ ನಿಲ್ಲುವ ಯಂತ್ರಗಳಲ್ಲಿ ಡ್ರಮ್ಮಿನ ಬಾಯಿಯ ಬಳಿ ಎರಡು ಲೋಹದ ಪಟ್ಟಿಗಳಿರುತ್ತವೆ. ಒದ್ದೆ ಬಟ್ಟೆ ಎರಡನ್ನೂ ಒಟ್ಟಿಗೆ ತಾಗಿದಾಗ ಅದರ ಮೂಲಕ ಸೂಕ್ಷ್ಮವಾದ ಕರೆಂಟು ಹರಿಯುತ್ತದೆ, ಹರಿಯದಿದ್ದರೆ ಬಟ್ಟೆ ಒಣಗಿದೆ ಎಂದು ಲೆಕ್ಕ. ಕಾವೇರಿ ನೀರು ಬರುವ ಬಡಾವಣೆಗಳಲ್ಲಿ ಇದು ಅಷ್ಟಾಗಿ ಕಾಡದು, ಆದರೆ ಗಡಸಾದ ಬೋರ್‌ವೆಲ್ ನೀರನ್ನೇ ನಂಬಿದ ಮನೆಗಳಲ್ಲಿ ನೀರಿನ ಸುಣ್ಣವೂ ಬಟ್ಟೆ ಮೆದುವಾಗಲೆಂದು ಹಾಕುವ ದ್ರವವೂ ಸೇರಿ ಆ ಪಟ್ಟಿಗಳ ಮೇಲೆ ಕಾಣದಂಥ ಪೊರೆ ಕಟ್ಟುತ್ತದೆ. ಹಸಿ ಬಟ್ಟೆಯನ್ನೂ ಯಂತ್ರ ಒಣಗಿದೆಯೆಂದು ತೀರ್ಮಾನಿಸುತ್ತದೆ. ವಿನೆಗರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಪೊರೆ ಹೋಗುತ್ತದೆ. ಪಾತ್ರೆ ಉಜ್ಜುವ ಸ್ಟೀಲಿನ ನಾರನ್ನು ಮಾತ್ರ ಹತ್ತಿರ ತರಬಾರದು. ಎರಡೇ ಎರಡು ಕೂಸಿನ ಅಂಗಿ ಹಾಕಿ ಓಡಿಸಿದರೂ ಹೀಗೆಯೇ ಆಗುತ್ತದೆ, ಅವು ಪಟ್ಟಿಯನ್ನು ತಾಗುವುದೇ ಅಪರೂಪ. ಅಂಥ ಸಣ್ಣ ಗಂಟಿಗೆ ನಿಮಿಷ ಲೆಕ್ಕದ ಟೈಮರೇ ಸರಿ.

ನಮ್ಮ ಯಂತ್ರದ ಪೈಪನ್ನು ಜೋತುಬೀಳದಂತೆ ಗಿಡ್ಡ ಮಾಡಿಸಿ, ಹಿಂದೆ ಒಂದು ಗೇಣು ಜಾಗ ಬಿಟ್ಟು, ಯಾರೂ ಒತ್ತರಿಸದಂತೆ ಗೋಡೆಯ ಬುಡಕ್ಕೆ ಒಂದು ಮರದ ತುಂಡು ಅಡ್ಡ ಇಟ್ಟೆವು. ಬಟ್ಟೆಯನ್ನು ಊಟದ ಹೊತ್ತಿಗೆ ಹಾಕತೊಡಗಿದೆವು. ಸ್ಟೆಬಿಲೈಸರ್ ಕೊಳ್ಳುವ ಮಾತು ಬಂದಾಗ ನಾನು ಬೇಡವೆಂದೆ. ಫ್ರಿಜ್ಜಿಗೆ ಹಾಕುವಂಥದ್ದು ಇದಕ್ಕೆ ಸಾಲದು, ಸಾಲುವಂಥದ್ದರ ಬೆಲೆಗೆ ಅರ್ಥವಿಲ್ಲ, ಮೇಲಾಗಿ ಎಲ್ಲರೂ ಅದನ್ನು ಹಾಕಿಕೊಂಡರೆ ತಂತಿಯಿಂದ ಇನ್ನಷ್ಟು ಕರೆಂಟು ಎಳೆದು ಬೀದಿಯ ವೋಲ್ಟೇಜು ಇನ್ನಷ್ಟು ಕೆಳಗಿಳಿಯುತ್ತದೆ. ಮನೆಗೆ ಬರುವ ವೋಲ್ಟೇಜು 230ರಿಂದ ಶೇಕಡ 6ಕ್ಕಿಂತ ಹೆಚ್ಚು ಇಳಿಯಬಾರದೆಂಬ ನಿಯಮವಿದೆ, ಅಂದರೆ 216ರ ಕೆಳಗೆ ಹೋಗಬಾರದು. ಹೊತ್ತುಹೊತ್ತಿನ ಅಂಕಿಗಳನ್ನು ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಅರ್ಜಿ ಕೊಟ್ಟೆವು. ಲೈನ್‌ಮನ್ ಬಂದು ಕಂಬ ಹತ್ತಿ ನೋಡಿ, ನಮ್ಮ ಸಾಲಿನ ಮನೆಗಳೆಲ್ಲ ಒಂದೇ ಫೇಸಿನ ಮೇಲೆ, ಅಂದರೆ ಕಂಬದಲ್ಲಿ ಕರೆಂಟು ತರುವ ಮೂರು ತಂತಿಗಳಲ್ಲಿ ಒಂದರ ಮೇಲೆಯೇ, ಕೂತಿವೆ ಎಂದು ಹೇಳಿ, ಕೆಲವು ಮನೆಗಳನ್ನು ಬೇರೆ ಫೇಸಿಗೆ ಹಾಕಿದರು. ಮರುದಿನ ಬೆಳಗ್ಗೆ ಮೀಟರು 212 ತೋರಿಸಿತು. ನಿಯಮಕ್ಕೆ ಇನ್ನೂ ಕಡಿಮೆಯೇ, ಆದರೂ ಡ್ರೈಯರ್ ನಿಲ್ಲದೆ ಓಡಿತು. ಆ ಮೀಟರನ್ನು ಈಗ ಎದುರು ಮನೆಯವರು ಒಯ್ದಿದ್ದಾರೆ. ಅವರ ಇಂಡಕ್ಷನ್ ಒಲೆ ಅನ್ನ ಬೇಯುವ ಮೊದಲೇ ಆರಿಹೋಗುತ್ತದಂತೆ.